ಗೇಮಿನೊಳಗಿನ ಉಸಿರು

ಹಿಮದಲ್ಲಿ ಬದುಕುಳಿಯುವ ನಮ್ಮ ವಿಡಿಯೋ ಗೇಮಿಗೆ ನಡುಗುವ ಉಸಿರು ಬೇಕೆಂದು, ಧ್ವನಿ ಕೊಡುವ ಹುಡುಗಿಯನ್ನು ನಾನು ಮೀನಿನ ಶೈತ್ಯಾಗಾರದಲ್ಲಿ ನಲವತ್ತು ನಿಮಿಷ ನಿಲ್ಲಿಸಿದೆ. ವಾರದೊಳಗೆ ನ್ಯುಮೋನಿಯಾದಿಂದ ತೀರಿಕೊಂಡಳು. ಗೇಮಿನಲ್ಲಿ ಅವಳ ಹೆಸರನ್ನೂ ಹಾಕಲಿಲ್ಲ.

ಗೇಮು ಮುಚ್ಚಿದರೂ ಉಸಿರು ನಿಲ್ಲುತ್ತಿಲ್ಲವೆಂದು ಆಟಗಾರರ ದೂರು ಬಂತು. ಮೊದಲ ಅಪ್‌ಡೇಟಿನಲ್ಲಿ ಆ ಧ್ವನಿಯನ್ನು ತಗ್ಗಿಸಿದೆವು, ಎರಡನೆಯದರಲ್ಲಿ ಅಳಿಸಿಯೇಬಿಟ್ಟೆವು. ಮಧ್ಯಾಹ್ನ ಪರೀಕ್ಷಿಸಲು ಕೂತಾಗ, ಬೆವರು ಸುರಿಯುವ ಕೋಣೆಯಲ್ಲಿ ಕಂಪ್ಯೂಟರ್ ಪರದೆ ಮಂಜುಗಟ್ಟಿತು. ನಲವತ್ತು ನಿಮಿಷ ದಾಟಿದರೂ ಉಸಿರು ಕೇಳುತ್ತಲೇ ಇತ್ತು, ಆಮೇಲೆ ಕೆಮ್ಮು. ಕೆಮ್ಮನ್ನು ನಾವು ರೆಕಾರ್ಡ್ ಮಾಡಿರಲೇ ಇಲ್ಲ.

"ಅಕ್ಕಾ, ‘ದೋಷ ಸರಿಪಡಿಸಲಾಗಿದೆ’ ಅಂತ ಬರೆದು ಮೂರನೇ ಅಪ್‌ಡೇಟ್ ಬಿಟ್ಬಿಡಿ," ಎಂದೆ, ತಲೆಯೆತ್ತದೆ.

ಪ್ರೋಗ್ರಾಮರ್ ಅಕ್ಕ ಕೀಬೋರ್ಡನ್ನು ನನ್ನತ್ತ ತಳ್ಳಿದರು. "ಸತ್ತೋಳ ಉಸಿರನ್ನ ದೋಷ ಅಂತ ಯಾವ ಮುಖ ಇಟ್ಕೊಂಡು ಬರೀಲಪ್ಪಾ? ನಾನು ಬರೆಯಲ್ಲ."