ಮೂರನೇ ಕಂಪ್ಯೂಟರಿನಲ್ಲಿದ್ದ ದನಿ

ಆ ಮಂಗಳವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ಹೆಂಗಸು ಒಂದು ಮಾತೂ ಆಡಲಿಲ್ಲ. ಕುರ್ಚಿಯಲ್ಲಿ ಕುಳಿತು, ಚೀಲದಿಂದ ಸ್ಲೇಟು ತೆಗೆದು ಏನೋ ಬರೆದು ನಮ್ಮ ಅತ್ತಿಗೆಯ ಮುಂದೆ ಹಿಡಿದಳು.

"ನನ್ನ ದನಿಯನ್ನು ಯಾರೋ ಅಳಿಸಿಹಾಕಿದ್ದಾರೆ."

ಅವಳು ಯಾರೆಂದು ಊರಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದವಳು. ಗಂಟಲಿನ ರೋಗ ಬಂದು, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅದಕ್ಕೆ ಮೊದಲು ಎರಡು ತಿಂಗಳು, ಅವಳು ನಮ್ಮ ಕಂಪ್ಯೂಟರ್ ಕ್ಲಬ್ಬಿಗೆ ಬಂದು ಮನೆಯಲ್ಲಿ ದಿನವೂ ಆಡುವ ಮಾತುಗಳನ್ನು ಒಂದೊಂದಾಗಿ ಮೂರನೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಆಮೇಲೆ ಅವನ್ನು ಫೋನಿಗೆ ಹಾಕಿಕೊಂಡು ಗುಂಡಿ ಒತ್ತಿ ಮಾತಾಡುವುದೆಂದು ಲೆಕ್ಕ.

ಇಷ್ಟೆಲ್ಲ ಮಾಡಿದ್ದು ಅವಳ ತಾಯಿಗಾಗಿ. ಮುದುಕಿಗೆ ಕಣ್ಣು ಕಾಣುವುದಿಲ್ಲ, ಮಗಳೆಂದರೆ ಅವಳಿಗೆ ಮಗಳ ದನಿ. ಆಸ್ಪತ್ರೆಯಿಂದ ಮಾತಿಲ್ಲದೆ ಬಂದವಳನ್ನು ಅವಳು ಕೂಲಿಯ ಹೆಂಗಸೆಂದೇ ತಿಳಿದಿದ್ದಳು. ಅವಳ ಕೈಯಿಂದ ಅನ್ನ ಮುಟ್ಟುತ್ತಿರಲಿಲ್ಲ. "ನನ್ನ ಮಗಳನ್ನು ಕರೀರಿ" ಎಂದು ಗೋಡೆಗೆ ಮುಖ ತಿರುಗಿಸಿ ಕೂರುತ್ತಿದ್ದಳು.

ಅತ್ತಿಗೆ ಓದಿ ಮುಗಿಸಿ ಕನ್ನಡಕ ಒರೆಸಿಕೊಂಡು, "ಮೊದಲಿಂದ ಬರಿ ತಂಗಿ" ಎಂದರು.

ಅತ್ತಿಗೆ ಎಂದರೆ ನನ್ನ ತೀರಿಹೋದ ಅಣ್ಣನ ಹೆಂಡತಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಊರಿನ ಸುಳ್ಳುಗಳನ್ನೆಲ್ಲ ಕಿವಿಯಾರೆ ಕೇಳಿದವರು. ಈಗ ಕ್ಲಬ್ಬಿನ ಬಾಗಿಲ ಬಳಿ ಮೇಜು ಹಾಕಿಕೊಂಡು ಟೋಕನ್ ಕೊಡುತ್ತಾರೆ. ಕ್ಲಬ್ಬಿನಲ್ಲಿ ಕಳೆದುಹೋದದ್ದೆಲ್ಲ ಕೊನೆಗೆ ಅವರ ಮೇಜಿಗೇ ಬರುತ್ತದೆ. ಹಿಂದಿನ ಶನಿವಾರ ಮಾತ್ರ ಕಣ್ಣಿನ ತಪಾಸಣೆಗೆಂದು ನಾವಿಬ್ಬರೂ ಹೋಗಿರಲಿಲ್ಲ. ಆ ಒಂದು ದಿನದಲ್ಲಿ ಅಷ್ಟು ಜನ ದೊಡ್ಡವರು ಸೇರಿ ಎಷ್ಟು ಪೆದ್ದುತನ ಮಾಡಬಹುದೋ ಅಷ್ಟನ್ನೂ ಮಾಡಿ ಮುಗಿಸಿದ್ದರು.

ಈ ಕ್ಲಬ್ಬಿನ ಬಗ್ಗೆ ಹೇಳಬೇಕು. ಗ್ರಂಥಾಲಯದ ಮೇಲಿನ ಕೋಣೆ, ನಾಲ್ಕು ಹಳೆಯ ಕಂಪ್ಯೂಟರು, ಒಂದು ಕರಿಹಲಗೆ. ಪಾಸ್‌ವರ್ಡ್ ಮರೆತವರು, ಫೋಟೋ ಕಳೆದುಕೊಂಡವರು, ಫೋನು ತಲೆಕೆಳಗಾಗಿದೆಯೆಂದು ಫೋನಿನ ಜೊತೆ ತಮ್ಮ ತಲೆಯನ್ನೂ ತಿರುಗಿಸಿ ನೋಡುವವರು ಶನಿವಾರ ಅಲ್ಲಿ ಸೇರುತ್ತಾರೆ. ಅಧ್ಯಕ್ಷರು ಔಷಧಿ ಅಂಗಡಿಯವರು, ಮಂಡಿನೋವೆಂದು ಸಭೆಯಿದ್ದಾಗ ಮಾತ್ರ ಮೆಟ್ಟಿಲು ಹತ್ತುತ್ತಾರೆ. ನಿಜವಾದ ಕೆಲಸ ಮಾಡುವವನು ಒಬ್ಬ ಎಲೆಕ್ಟ್ರಿಷಿಯನ್. ಮಾತು ಕಡಿಮೆ, ಗೊಣಗುವುದು ಜಾಸ್ತಿ.

ಇನ್ನು ಕಾರ್ಯದರ್ಶಿ. ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ಈತ ವಾರಕ್ಕೊಂದು ಸುತ್ತೋಲೆ ಹೊರಡಿಸುವುದರಿಂದ ಎಲ್ಲರೂ ಅವನನ್ನು ಸರ್ಕ್ಯುಲರ್ ಎಂದೇ ಕರೆಯುವುದು. ಕ್ಲಬ್ಬಿಗೆ ಇವನೇ ಮಹಾಜ್ಞಾನಿ. ಹಾಳೂರಿಗೆ ಉಳಿದವನೇ ಗೌಡ. ಕಷ್ಟದ ರಿಪೇರಿ ಬಂದರೆ ಗಂಭೀರವಾಗಿ ಮುಗುಳ್ನಕ್ಕು ಲ್ಯಾಪ್‌ಟಾಪನ್ನು ಚೀಲದಲ್ಲಿ ಮನೆಗೆ ಒಯ್ಯುತ್ತಾನೆ, ನಾಲ್ಕು ದಿನದ ಮೇಲೆ ಸರಿಮಾಡಿ ತಂದು ಚಪ್ಪಾಳೆ ಗಿಟ್ಟಿಸುತ್ತಾನೆ. ಜನರೆದುರು ಅವನು ಒಂದು ಸ್ಕ್ರೂ ಬಿಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಅನೌನ್ಸರ್ ಬರೆದು ತಿಳಿಸಿದ್ದು ಇಷ್ಟು. ಹತ್ತು ದಿನದ ಹಿಂದಿನ ಶನಿವಾರ ಎಲೆಕ್ಟ್ರಿಷಿಯನ್ ಎಲ್ಲರೆದುರು, ಮುಂದಿನ ವಾರ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳಿ, ಹೆಸರು ಹಾಕಿ, ಅವಳ ಫೋನಿಗೆ ಸೇರಿಸಿಕೊಡುತ್ತೇನೆಂದಿದ್ದ. ಆ ವಾರ ಬಂತು. ಅವಳು ಬರುವಷ್ಟರಲ್ಲಿ ಸರ್ಕ್ಯುಲರ್ ಕಂಪ್ಯೂಟರ್ ತೆರೆದು ಎಲ್ಲರಿಗೂ ತೋರಿಸುತ್ತಿದ್ದ. ಪರದೆಯ ಮೇಲೆ ಅವಳ ಹೆಸರಿದ್ದ ಹಳದಿ ಫೋಲ್ಡರಿನ ಚಿತ್ರ ಇರಲಿಲ್ಲ, ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದಬುಟ್ಟಿಯೂ ಖಾಲಿ. ಕೋಣೆಯ ಕೀಲಿ ಇರುವುದು ಅಧ್ಯಕ್ಷರು, ಸರ್ಕ್ಯುಲರ್, ಎಲೆಕ್ಟ್ರಿಷಿಯನ್ ಈ ಮೂವರಲ್ಲಿ. ಇವಳ ರೆಕಾರ್ಡಿಂಗಿನಿಂದ ಯಂತ್ರ ತುಂಬಿಹೋಯಿತೆಂದು ಎಲೆಕ್ಟ್ರಿಷಿಯನ್ ಗೊಣಗಿದ್ದನ್ನು ಎಲ್ಲರೂ ಕೇಳಿದ್ದರು. ಅಷ್ಟೇ ಸಾಕಾಯಿತು. ಸಮಿತಿಯವರು ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಅವನನ್ನು ಯಂತ್ರದ ಹತ್ತಿರವೂ ಬಿಡದೆ ಕೀಲಿ ಕಿತ್ತುಕೊಂಡು ಕಳಿಸಿದರು. ಮಾನವಂತ, ತುಟಿ ಬಿಚ್ಚದೆ ಮೆಟ್ಟಿಲಿಳಿದು ಹೋದ.

"ಎಷ್ಟು ಮಾತು ರೆಕಾರ್ಡ್ ಮಾಡಿದ್ದೆ?" ಅತ್ತಿಗೆ ಕೇಳಿದರು.

ಅವಳು ನೋಟ್‌ಬುಕ್ ಕೊಟ್ಟಳು. ಪ್ರತಿ ವಾಕ್ಯಕ್ಕೂ ಸಂಖ್ಯೆ, ಮುಂದೆ ಗುರುತು. ಕೊನೆಯ ಸಂಖ್ಯೆ ಮುನ್ನೂರ ಹನ್ನೊಂದು.

"ಪ್ರತಿ ಸಲವೂ ಮೈಕ್ ನಿಲ್ಲಿಸ್ತಿದ್ಯಾ?"

ಅವಳು ಯೋಚಿಸಿ ಬರೆದಳು: "ಒಂದು ಸಲ ಮರೆತೆ. ಕೆಮ್ಮು ಬಂದು ಬಿಸಿನೀರಿಗೆ ಕೆಳಗೆ ಓಡಿದ್ದೆ. ಬಂದು ನಿಲ್ಲಿಸಿದೆ."

ಅತ್ತಿಗೆ ಅಧ್ಯಕ್ಷರ ಕೀಲಿ ತರಿಸಿಕೊಂಡರು. ಮಧ್ಯಾಹ್ನ ನಾವಿಬ್ಬರೂ ಕ್ಲಬ್ಬಿಗೆ ಹೋದೆವು. ಮೂರನೇ ಕಂಪ್ಯೂಟರಿಗೆ ಟೇಪು ಸುತ್ತಿ, "ತನಿಖೆಯಲ್ಲಿದೆ, ಮುಟ್ಟಬಾರದು" ಎಂಬ ಚೀಟಿ ಅಂಟಿಸಿತ್ತು. ಪಕ್ಕದಲ್ಲಿ ಸರ್ಕ್ಯುಲರ್ ಸಹಿ ಹಾಕಿದ ನೋಟೀಸು: "ಸದಸ್ಯೆಯೊಬ್ಬರ ಮುನ್ನೂರ ಹನ್ನೆರಡು ಧ್ವನಿಮುದ್ರಣಗಳನ್ನು ನಾಶಪಡಿಸಿದ ಕಾರಣ ಎಲೆಕ್ಟ್ರಿಷಿಯನ್‌ರವರನ್ನು ವಜಾ ಮಾಡಲಾಗಿದೆ." ಗೋಡೆಯಲ್ಲಿ ಸರ್ಕ್ಯುಲರನ ಹಳೆಯ ಸುತ್ತೋಲೆಯೂ ಇತ್ತು: "ಪರದೆಯ ಮೇಲಿನ ಅನವಶ್ಯಕ ಚಿತ್ರಗಳನ್ನು ಅಳಿಸಿ, ಕಸದಬುಟ್ಟಿ ಖಾಲಿ ಮಾಡಿ. ಕಂಪ್ಯೂಟರಿನ ಭಾರ ಇಳಿಯುತ್ತದೆ." ಅತ್ತಿಗೆ ಎರಡನ್ನೂ ನಿಧಾನವಾಗಿ ಓದಿದರು.

ಆಮೇಲೆ ಕರಿಹಲಗೆಯ ಮುಂದೆ ನಿಂತರು. ಪ್ರತಿ ಶನಿವಾರ ಬಾಗಿಲು ಹಾಕುವ ಮೊದಲು, ಯಾವ ಯಂತ್ರದಲ್ಲಿ ಎಷ್ಟು ಜಾಗ ಖಾಲಿಯಿದೆಯೆಂದು ಸೀಮೆಸುಣ್ಣದಲ್ಲಿ ಬರೆದಿಡುವುದು ಎಲೆಕ್ಟ್ರಿಷಿಯನ್ನನ ಪದ್ಧತಿ. ಅವನು ಕೊನೆಯ ಸಲ ಬರೆದದ್ದು ಹಾಗೇ ಇತ್ತು. ಮೂರನೆಯದರ ಮುಂದೆ ೩.೨. ಅತ್ತಿಗೆ ಟೇಪು ಕಿತ್ತು ಕಂಪ್ಯೂಟರ್ ಹಾಕಿ, ಒಂದೆರಡು ಕಡೆ ಒತ್ತಿ, "ಓದು" ಎಂದರು. ಖಾಲಿ ಜಾಗ ೩.೨ ಎಂದಿತ್ತು. ಅದರಲ್ಲಿ ಏನು ವಿಶೇಷವೆಂದು ನನಗೆ ತಿಳಿಯಲಿಲ್ಲ.

"ಮೂವತ್ತು ವರ್ಷ ಅಂಚೆ ಕಾಗದ ವಿಂಗಡಿಸಿದವನು ನೀನು, ಇಷ್ಟು ಹೊಳೆಯಲ್ವಾ? ಹೋಗಿ ಎರಡು ಟೀ ಹೇಳು" ಎಂದರು. ನಾನು ಟೀ ಹೇಳಿ ಬರುವಷ್ಟರಲ್ಲಿ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು. ಮುಖದಲ್ಲಿ, ಜಿರಲೆ ಬಿದ್ದ ಹಾಲು ನೋಡಿದಂಥ ಅಸಹ್ಯ.

ಶನಿವಾರ ಎಲ್ಲರನ್ನೂ ಸೇರಿಸಿದರು. ಸಮಿತಿ ಮುಂದಿನ ಸಾಲಿನಲ್ಲಿತ್ತು. ಎಲೆಕ್ಟ್ರಿಷಿಯನ್ ಬಾಗಿಲ ಬಳಿ ಸಲಕರಣೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅನೌನ್ಸರಳ ತಾಯಿಯನ್ನು ನಾನೇ ಕೈಹಿಡಿದು ಮೆಟ್ಟಿಲು ಹತ್ತಿಸಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದೆ. ಮಗಳು ಪಕ್ಕದಲ್ಲೇ ಕುಳಿತರೂ ಮುದುಕಿ ಕೈ ಹಿಂದಕ್ಕೆಳೆದುಕೊಂಡಳು.

ಸರ್ಕ್ಯುಲರ್ ಎದ್ದು, ಮುಚ್ಚಿದ ಪ್ರಕರಣವನ್ನು ಮತ್ತೆ ತೆರೆಯುವುದು ನಿಯಮಕ್ಕೆ ವಿರುದ್ಧವೆಂದ. ಅತ್ತಿಗೆ ಅವನ ಕಡೆ ತಿರುಗಲೂ ಇಲ್ಲ.

"ಮನೆಯಿಂದ ಬೀರು ಸಾಗಿಸಿದ್ರೆ ಅಷ್ಟು ಜಾಗ ಖಾಲಿ ಆಗಬೇಕಲ್ವಾ?" ಎಂದು ಸಭೆಯನ್ನು ಕೇಳಿದರು. "ಹಲಗೆ ಮೇಲೆ ಮೂರು ಪಾಯಿಂಟ್ ಎರಡು. ಯಂತ್ರದಲ್ಲೂ ಅಷ್ಟೇ. ಅಂದ್ರೆ ಒಳಗಿಂದ ಏನೂ ಹೋಗಿಲ್ಲ."

ಅತ್ತಿಗೆ ವಿವರಿಸಿದರು. ಪರದೆಯ ಮೇಲಿದ್ದ ಹಳದಿ ಚಿತ್ರ ಬರೀ ದಾರಿ ತೋರಿಸುವ ಫಲಕ, ಅನೌನ್ಸರಿಗೆ ಸುಲಭವಾಗಲೆಂದು ಎಲೆಕ್ಟ್ರಿಷಿಯನ್ನೇ ಅಲ್ಲಿ ಹಾಕಿದ್ದು. ಫಲಕ ಕಿತ್ತರೆ ಊರು ಮಾಯವಾಗುವುದಿಲ್ಲ. ಆ ಫಲಕ ನೆಟ್ಟವನೇ ಅದನ್ನು ಕಿತ್ತು, ಎಲ್ಲ ಅಳಿಸಿದೆನೆಂದು ತಿಳಿಯುವಷ್ಟು ಪೆದ್ದನಾಗಿರಲು ಸಾಧ್ಯವಿಲ್ಲ. ಚಿತ್ರ ಅಳಿಸಿದರೆ ಭಾರ ಇಳಿಯುತ್ತದೆಂದು ನಂಬಿದ ಮಹಾಶಯನ ಸುತ್ತೋಲೆ ಗೋಡೆಯಲ್ಲೇ ಇದೆ.

"ಸುತ್ತೋಲೆ ಎಲ್ಲರೂ ಓದ್ತಾರೆ" ಎಂದ ಸರ್ಕ್ಯುಲರ್. ಅವನ ಮೇಲೆ ಇನ್ನೂ ಯಾರೂ ಆರೋಪ ಹೊರಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಓದ್ತಾರೆ. ಆದ್ರೆ ಈ ತಂಗಿ ರೆಕಾರ್ಡ್ ಮಾಡಿದ್ದು ಮುನ್ನೂರ ಹನ್ನೊಂದು. ನಿಮ್ಮ ನೋಟೀಸಿನಲ್ಲಿ ಮುನ್ನೂರ ಹನ್ನೆರಡು. ಫೋಲ್ಡರ್ ತೆರೆದು ನೋಡಿದವರಿಗೆ ಮಾತ್ರ ಆ ಸಂಖ್ಯೆ ಗೊತ್ತು. ಅವಳಿಗೇ ಗೊತ್ತಿರಲಿಲ್ಲ. ಮೈಕ್ ನಿಲ್ಲಿಸೋಕೆ ಮರೆತು ಕೆಳಗೆ ಹೋದಾಗ ಒಂದು ತಾನಾಗೇ ಸೇರ್ಕೊಂಡಿತ್ತು."

ಅತ್ತಿಗೆ ಗುಂಡಿ ಒತ್ತಿದರು. ಮೊದಲು ಕೆಮ್ಮು, ಓಡುವ ಹೆಜ್ಜೆ. ಆಮೇಲೆ ಸರ್ಕ್ಯುಲರನ ದನಿ, ಫೋನಿನಲ್ಲಿ:

"ಹಲೋ, ಇನ್ನೆರಡು ಲ್ಯಾಪ್‌ಟಾಪ್ ತರ್ತೀನಪ್ಪ, ಬುಧವಾರದೊಳಗೆ ಮಾಡ್ಕೊಡು. ರಿಪೇರಿ ನಿನ್ನ ಅಂಗಡೀಲಿ ಆಗೋದು ಅಂತ ಯಾರಿಗೂ ಬಾಯಿಬಿಡಬೇಡ. ಈ ಪೆದ್ದುಗಳು ನಾನೇ ಮಾಡ್ತೀನಿ ಅಂದ್ಕೊಂಡಿವೆ."

ಮುಂದಿನ ಸಾಲಿನ ಪೆದ್ದುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಕ್ಯುಲರ್ ಇಂಗು ತಿಂದ ಮಂಗನಂತೆ ನಿಂತಿದ್ದ.

"ಅವಳು ವಾಪಸ್ ಬಂದು ಮೈಕ್ ನಿಲ್ಲಿಸಿದ್ದನ್ನು ನೀವು ನೋಡಿದ್ರಿ" ಎಂದರು ಅತ್ತಿಗೆ. "ಎಲ್ಲವನ್ನೂ ಕೂತು ಕೇಳ್ತೀನಿ ಅಂತ ಈ ಎಲೆಕ್ಟ್ರಿಷಿಯನ್ ಹೇಳಿದ ದಿನ ನಿಮಗೆ ಭಯ ಶುರುವಾಯ್ತು. ಉಳಿದವೆಲ್ಲ ಐದೈದು ಸೆಕೆಂಡು, ನಿಮ್ಮದು ನಾಲ್ಕು ನಿಮಿಷ. ಉದ್ದದ ಪ್ರಕಾರ ಜೋಡಿಸಿದ್ರೆ ಒಂದೇ ಕ್ಷಣದಲ್ಲಿ ಸಿಕ್ತಿತ್ತು. ಅಷ್ಟೂ ಬರಲಿಲ್ಲ ನಿಮಗೆ. ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ರಿ, ಅದೂ ಪರರ ಮನೆಗೆ. ಸಾಲದು ಅಂತ ಕೆಲಸ ಬಲ್ಲವನ ತಲೆಗೆ ಕಟ್ಟಿದ್ರಿ."

"ನನ್ನ ಮರ್ಯಾದೆ ಪ್ರಶ್ನೆ..." ಎಂದು ಅವನು ತೊದಲಿದ.

"ಆ ಮುದುಕಿ ಊಟ ಬಿಟ್ಟು ಹನ್ನೆರಡು ದಿನ ಆಯ್ತು, ಅದರಲ್ಲಿ ಒಂದು ವಾರ ನಿಮ್ಮಿಂದ. ಹಾಲು, ಗಂಜಿನೀರಲ್ಲಿ ಜೀವ ಹಿಡ್ಕೊಂಡಿದ್ದಾಳೆ. ನಿಮ್ಮ ಮರ್ಯಾದೆಗೆ ಅಷ್ಟು ಬೆಲೆ ಇದೆಯಾ?"

ನನಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೂ ಒಂದು ಯೋಗ್ಯತೆ ಬೇಕು.

ಎಲೆಕ್ಟ್ರಿಷಿಯನ್ ಅಷ್ಟರಲ್ಲಿ ಎದ್ದು ಬಂದಿದ್ದ. ಕ್ಷಮೆ ಕೇಳಲು ಕೈಜೋಡಿಸಿದ ಅಧ್ಯಕ್ಷರನ್ನು ದಾಟಿಕೊಂಡು ಹೋಗಿ, ಅನೌನ್ಸರಳ ಫೋನಿಗೆ ತಂತಿ ಸಿಕ್ಕಿಸಿದ. ಸ್ವಲ್ಪ ಹೊತ್ತಿನಲ್ಲಿ ಫೋನು ಅವಳ ಕೈಗೆ ಬಂತು. ಅವಳು ಒಂದು ಗುಂಡಿ ಒತ್ತಿದಳು.

"ಅಮ್ಮ, ನಾನೇ. ಊಟ ತಂದಿದೀನಿ, ಏಳು."

ಮುದುಕಿ ತಲೆಯೆತ್ತಿದಳು. ಕೈಚಾಚಿ ಮಗಳ ಕೆನ್ನೆ, ಗಲ್ಲ, ಕೊರಳಿಗೆ ಸುತ್ತಿದ ಬಟ್ಟೆ ಎಲ್ಲ ತಡವಿದಳು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಯಾವಳನ್ನೋ ಮನೇಲಿ ಬಿಟ್ಟು ಹೋಗಿದ್ಯಲ್ಲ, ಬಾಯಿಲ್ಲದವಳನ್ನ" ಎಂದು ಬೈದಳು. ಬೈಯುತ್ತಲೇ ಆ ಕೈಯನ್ನು ಎದೆಗೆ ಒತ್ತಿಕೊಂಡಳು. ಮಗಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಆ ಗದ್ದಲದಲ್ಲಿ ಸರ್ಕ್ಯುಲರ್ ಗೋಡೆಯ ಪಕ್ಕದಲ್ಲೇ ಸರಿಯುತ್ತ ಬಾಗಿಲು ತಲುಪಿದ್ದ. ಅನೌನ್ಸರ್ ಅವನನ್ನು ನೋಡಿದಳು. ಕಣ್ಣೊರೆಸಿಕೊಂಡು ಪಟ್ಟಿಯಲ್ಲಿ ಏನೋ ಹುಡುಕಿ ಇನ್ನೊಂದು ಗುಂಡಿ ಒತ್ತಿದಳು. ಬಸ್ ನಿಲ್ದಾಣದ ಆ ಸ್ಪಷ್ಟ ದನಿ ಕೋಣೆಯನ್ನೆಲ್ಲ ತುಂಬಿತು.

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಅವನು ಹಾಕಿಕೊಂಡು ಹೋದ.

ಮುದುಕಿ ಆ ಸದ್ದಿಗೆ ಕಿವಿಗೊಟ್ಟು, "ಯಾರೋ ಹೋದರಲ್ಲ, ಯಾರದು?" ಎಂದು ಕೇಳಿದಳು.

"ಯಾರೂ ಅಲ್ಲ ಅಮ್ಮ" ಎಂದರು ಅತ್ತಿಗೆ. ಎದ್ದುಹೋಗಿ ಮೇಜಿನ ಹಿಂದೆ ಕುಳಿತು, ಆ ದಿನದ ಮೊದಲ ಟೋಕನ್ ಕೂಗಿದರು.