ಸ್ಟಾಮೆನ್ ತಾತನ ರೇಡಾರ್

"ನೆಲ ಅಡ್ಡ ಬರುತ್ತೆ ಕಣೇ, ನೆಲ! ಹಳೇ ಮಿಗ್ ವಿಮಾನದ ರೇಡಾರ್‌ಗೆ ಕೆಳಗೆ ಹಾರೋದು ಕಾಣಲ್ಲ. ಅವನು ಹೇಗೆ ನನ್ನ ಹೊಡೆದ? ಮೋಸ!"

ಅಪ್ಪ ಸೂಪಿನ ಚಮಚವನ್ನು ಗಾಳಿಯಲ್ಲಿ ಹಾರಿಸಿ ತೋರಿಸಿದ. ಮೇಜುಬಟ್ಟೆಯ ಮೇಲೆ ಎರಡು ಹನಿ ಬಿತ್ತು.

"ಮೂರು ವಾರದಿಂದ ಇದೇ ಕತೆ," ಎಂದಳು ಅಮ್ಮ. "ಊಟ ಮಾಡಿ."

ಬಿಲ್ಯಾನಾ ತಲೆ ತಗ್ಗಿಸಿ ಬ್ರೆಡ್ ಚೂರು ಮಾಡುತ್ತಿದ್ದಳು. ಅವಳಪ್ಪ ಕ್ರಾಸಿಮಿರ್ ಪ್ಲೊವ್ದಿವ್ ಊರಿನ ಹಲ್ಲಿನ ಡಾಕ್ಟರ್. ಹಗಲೆಲ್ಲ ಹಲ್ಲು ಕೀಳುತ್ತಿದ್ದ, ಸಂಜೆಯಾದರೆ ಯುದ್ಧವಿಮಾನ ಹಾರಿಸುತ್ತಿದ್ದ. ಕಂಪ್ಯೂಟರ್‌ನಲ್ಲಿ. ಅದಕ್ಕಾಗಿ ಬಾಲ್ಕನಿಯಿಂದ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಎತ್ತಿಸಿ, ಕ್ಲಿನಿಕ್ಕಿನ ಹಳೇ ಕುರ್ಚಿಯನ್ನು ತಂದು ಹಾಕಿದ್ದ. ರೋಗಿಗಳು ಬಾಯಿ ತೆರೆದು ಕೂರುತ್ತಿದ್ದ ಆ ಕುರ್ಚಿಯಲ್ಲಿ ಈಗ ಅವನೇ ಬಾಯಿ ತೆರೆದು ಕೂಗುತ್ತಿದ್ದ.

ಎದುರು ಕಟ್ಟಡದ ಲ್ಯೂಬೆನ್ ಮಾಮ ಅವನ ಜೀವದ ಗೆಳೆಯ, ಭೂಗೋಳದ ಮೇಷ್ಟ್ರು. ಮೂರು ವಾರದ ಹಿಂದೆ ಆಟದಲ್ಲಿ ಅಪ್ಪ ಕಣಿವೆಯೊಳಗೆ ನೆಲಕ್ಕೆ ಅಂಟಿಕೊಂಡಂತೆ ಹಾರುತ್ತಿದ್ದಾಗ, ಲ್ಯೂಬೆನ್ ಮಾಮ ಮೇಲಿನಿಂದ ರೇಡಾರ್‌ನಲ್ಲಿ ಹುಡುಕಿ, ಕ್ಷಿಪಣಿ ಬಿಟ್ಟು ಉರುಳಿಸಿದ್ದ. ಇದು ನಿಜವಲ್ಲ ಎಂದು ಅಪ್ಪ ಇಂಟರ್‌ನೆಟ್ಟಿನಲ್ಲಿ ಹನ್ನೊಂದು ಪುಟ ಬರೆದ. ನಿಜವೇ ಎಂದು ಲ್ಯೂಬೆನ್ ಮಾಮ ಹದಿನಾಲ್ಕು ಪುಟ ಬರೆದ. ಅವತ್ತಿನಿಂದ ಮಾತಿಲ್ಲ.

ಪ್ರತಿ ಆಗಸ್ಟ್‌ನಲ್ಲಿ ಎರಡು ಮನೆಯವರೂ ಒಟ್ಟಿಗೆ ಸೊಜೊಪೋಲ್‌ನ ಸಮುದ್ರಕ್ಕೆ ಹೋಗುತ್ತಿದ್ದರು. ಈ ಸಲ ಅದೂ ಕ್ಯಾನ್ಸಲ್.

ಮರುದಿನ ಸ್ಕೂಲಿನಲ್ಲಿ ಲ್ಯೂಬೆನ್ ಮಾಮನ ಮಗಳು ನೆವೇನಾ ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೊರಟಳು.

"ಯಾಕೆ?" ಎಂದಳು ಬಿಲ್ಯಾನಾ.

"ನಿಮ್ಮಪ್ಪ ನಮ್ಮಪ್ಪನ್ನ ಮೋಸಗಾರ ಅಂದ್ರಂತೆ."

"ನಿಮ್ಮಪ್ಪ ನಮ್ಮಪ್ಪಂಗೆ ಹಲ್ಲು ಕೀಳೋಕೆ ಹೋಗು ಅಂತ ಬರೆದಿಲ್ವಾ?"

"ಅದು ಬೈಗುಳ ಅಲ್ಲ. ಅವರ ಕೆಲಸಾನೇ ಅದು!"

ನೆವೇನಾ ಹೋಗಿಯೇಬಿಟ್ಟಳು. ಒಂದನೇ ಕ್ಲಾಸಿನಿಂದ ಇಬ್ಬರೂ ಅದೇ ಬೆಂಚಿನಲ್ಲಿ ಕೂತವರು. ಬಿಲ್ಯಾನಾಳಿಗೆ ಅವತ್ತು ಒಂದು ಲೆಕ್ಕವೂ ಸರಿಬರಲಿಲ್ಲ.

ಸಂಜೆ ಮನೆಗೆ ಬಂದಾಗ ಎರಡನೇ ಮಹಡಿಯ ಸ್ಟಾಮೆನ್ ತಾತ ಕೆಳಗಿನ ತೋಟದಲ್ಲಿ ಟೊಮ್ಯಾಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ. ಅವನನ್ನು ನೋಡಿದ್ದೇ ಬಿಲ್ಯಾನಾಳಿಗೆ ಥಟ್ಟನೆ ಹೊಳೆಯಿತು. ತಾತ ಇಪ್ಪತ್ತೆರಡು ವರ್ಷ ಮಿಗ್ ಹಾರಿಸಿದವನು. ಕಂಪ್ಯೂಟರ್‌ನಲ್ಲಲ್ಲ, ಆಕಾಶದಲ್ಲಿ.

ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬೆಂಚು, ಸಮುದ್ರ, ಹನ್ನೊಂದು ಪುಟ, ಹದಿನಾಲ್ಕು ಪುಟ.

"ಇಷ್ಟೊಂದು ಪುಟಾನಾ?" ತಾತ ಗಡ್ಡ ಕೆರೆದುಕೊಂಡ. "ನಮಗೆ ಕೊಟ್ಟಿದ್ದ ಪುಸ್ತಕಾನೇ ಅದಕ್ಕಿಂತ ತೆಳ್ಳಗಿತ್ತಲ್ಲೇ. ಆಯ್ತು, ಶನಿವಾರ ಬರ್ತೀನಿ."

ನಿಜವಾದ ಪೈಲಟ್ ತೀರ್ಪು ಕೊಡುತ್ತಾನೆ ಎಂದಾಗ ಇಬ್ಬರು ಅಪ್ಪಂದಿರೂ ಒಪ್ಪಿದರು. ತಾನೇ ಗೆಲ್ಲುವುದು ಎಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ನಾಲ್ಕು ಗಂಟೆಗೆ ಲ್ಯೂಬೆನ್ ಮಾಮ ಕಂಕುಳಲ್ಲಿ ಮಿಗ್ ಪುಸ್ತಕದ ಪ್ರತಿಯಿದ್ದ ದಪ್ಪ ಫೈಲ್, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಹಿಂದೆ ನೆವೇನಾ, ಮುಖ ಊದಿಸಿಕೊಂಡು.

"ನಿಮ್ಮಪ್ಪನಿಗೆ ಹೇಳು, ನಾನು ಲ್ಯಾಪ್‌ಟಾಪ್‌ನಲ್ಲಿ ಕೆಳಗೆ ಹಾರ್ತೀನಿ, ತಾತ ಮೇಲಿಂದ ರೇಡಾರ್‌ನಲ್ಲಿ ಹುಡುಕಲಿ ಅಂತ," ಎಂದ ಅವನು ಬಿಲ್ಯಾನಾಳಿಗೆ.

"ಅವನಿಗೆ ಹೇಳು, ಹಾರು ಅಂತ," ಎಂದ ಅಪ್ಪ ಪಕ್ಕದಲ್ಲೇ ನಿಂತು.

ಸ್ಟಾಮೆನ್ ತಾತ ಹಲ್ಲಿನ ಕುರ್ಚಿ ಏರಿ ಕೂತ. ನಡುಗುವ ಅವನ ಕೈ ಜಾಯ್‌ಸ್ಟಿಕ್ ಹಿಡಿದದ್ದೇ ನಡುಗುವುದನ್ನು ಬಿಟ್ಟಿತು. ತೆರೆಯ ಮೇಲಿನ ವಿಮಾನ ಒಂದಿಷ್ಟೂ ಅಲುಗದೆ ಮೇಲೇರಿತು. ಅಪ್ಪ ಹಾರಿಸುವಾಗ ಅದು ಯಾವತ್ತೂ ಹಾಗೆ ಹೋದದ್ದಿಲ್ಲ. ಹಸಿರು ರೇಡಾರ್ ಮೇಲೆ ತಾತನ ಕಣ್ಣು ಒಂದು ಕ್ಷಣ ನಿಂತಿತು.

"ಕಾಣ್ತಾ?" ಎಂದ ಲ್ಯೂಬೆನ್ ಮಾಮ.

"ಕಾಣಲ್ಲ ಅಲ್ವಾ?" ಎಂದ ಅಪ್ಪ.

ತಾತ ಬಾಗಿಲಲ್ಲಿ ದೂರದೂರ ನಿಂತಿದ್ದ ಇಬ್ಬರು ಹುಡುಗಿಯರತ್ತ ತಿರುಗಿ ನೋಡಿದ. ಆಮೇಲೆ ಮೇಜಿಗೆ ದಬ್ ಎಂದು ಗುದ್ದಿದ.

"ಥೂ, ರೇಡಾರ್ ಕೆಟ್ಟುಹೋಯ್ತು."

"ಕೆಟ್ಟಿಲ್ಲ ತಾತ! ಇದರಲ್ಲಿ ಅದು ಕೆಡೋದೇ ಇಲ್ಲ!" ಎಂದ ಅಪ್ಪ.

"ಹಾಗಾದ್ರೆ ಇದು ನಿಜದ್ದಲ್ಲ ಬಿಡಪ್ಪ. ನಮ್ಮದು ದಿನಾ ಕೆಡ್ತಿತ್ತು. ಮಳೆಗೆ ಕೆಡ್ತಿತ್ತು, ಬಿಸಿಲಿಗೂ ಕೆಡ್ತಿತ್ತು. ನಾವು ಅದರ ಮೇಲೆ ಟೋಪಿ ಇಡ್ತಿದ್ವಿ."

"ಟೋಪಿನಾ?" ಎಂದ ಲ್ಯೂಬೆನ್ ಮಾಮ. "ಮತ್ತೆ ಶತ್ರು ಎಲ್ಲಿದ್ದಾನೆ ಅಂತ ಹೇಗೆ ಗೊತ್ತಾಗ್ತಿತ್ತು?"

"ಕಿಟಕಿಯಿಂದ ನೋಡ್ತಿದ್ವಿ."

"ಕ್ಷಿಪಣಿ?"

"ಭಾರ ಅಂತ ನೆಲದಲ್ಲೇ ಬಿಟ್ಟು ಹೋಗ್ತಿದ್ವಿ."

ಅಪ್ಪ ಲ್ಯೂಬೆನ್ ಮಾಮನ ಮುಖ ನೋಡಿದ. ಲ್ಯೂಬೆನ್ ಮಾಮ ಅಪ್ಪನ ಮುಖ ನೋಡಿದ.

"ಲ್ಯೂಬೆನ್," ಎಂದ ಅಪ್ಪ ಮೆಲ್ಲಗೆ, "ಪುಸ್ತಕದಲ್ಲಿ ಹಾಗೆಲ್ಲೂ ಇಲ್ಲ ಅಲ್ವೇನೋ?"

"ಎಲ್ಲೂ ಇಲ್ಲ ಕಣೋ! ತಾಳು, ನಲವತ್ತನೇ ಪುಟ ತೋರಿಸ್ತೀನಿ."

ಇಬ್ಬರೂ ಒಂದೇ ಫೈಲಿನ ಮೇಲೆ ತಲೆ ಬಗ್ಗಿಸಿದರು. ಮಿಗ್ ಹಾರಿಸುವುದು ಹೇಗೆ ಎಂದು ಹಲ್ಲಿನ ಡಾಕ್ಟರೂ ಭೂಗೋಳದ ಮೇಷ್ಟ್ರೂ ಸೇರಿ ಪೈಲಟ್‌ಗೆ ಅರ್ಧ ಗಂಟೆ ಪಾಠ ಮಾಡಿದರು. ತಾತ ಕೈಕಟ್ಟಿ ಕೂತು, "ಹೌದಾ? ಇದ್ದರೂ ಇರಬಹುದು. ನನಗೆ ವಯಸ್ಸಾಯ್ತು," ಎನ್ನುತ್ತಿದ್ದ. ಯಾವಾಗಲೋ ನೆವೇನಾ ಬಿಲ್ಯಾನಾಳ ಪಕ್ಕಕ್ಕೆ ಬಂದು ನಿಂತಿದ್ದಳು. "ಟೋಪಿಯಂತೆ!" ಎಂದು ಕಿವಿಯಲ್ಲಿ ಉಸುರಿ ಕಿಸಕ್ಕೆಂದು ನಕ್ಕಳು.

ಬಿಲ್ಯಾನಾ ತಾತನನ್ನು ಕೈಹಿಡಿದು ಮೆಟ್ಟಿಲಿಳಿಸಿದಳು.

"ತಾತ, ನಿಜವಾಗ್ಲೂ ದಿನಾ ಕೆಡ್ತಿತ್ತಾ?"

ತಾತ ನಿಂತ. ಬೆನ್ನು ನೆಟ್ಟಗೆ ಮಾಡಿದ.

"ನಮ್ಮ ಮೆಕ್ಯಾನಿಕ್ ಗಾಂಚೊ ನೋಡ್ಕೊಳ್ತಿದ್ದ ರೇಡಾರ್ ಅದು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ದಿನ ಕೆಟ್ಟಿಲ್ಲ. ಅವನು ಬದುಕಿದ್ದು ಇವತ್ತು ನನ್ನ ಮಾತು ಕೇಳಿದ್ದಿದ್ರೆ ಕಿವಿ ಹಿಂಡ್ತಿದ್ದ."

"ಹಾಗಾದ್ರೆ ಯಾರು ಹೇಳಿದ್ದು ಸರಿ? ಅಪ್ಪಾನಾ, ಲ್ಯೂಬೆನ್ ಮಾಮಾನಾ?"

ತಾತ ಜೇಬಿನಿಂದ ಬೀಗದಕೈ ತೆಗೆದ.

"ಆಗಸ್ಟ್‌ನಲ್ಲಿ ಸಮುದ್ರದ ನೀರು ಬೆಚ್ಚಗಿರುತ್ತೆ, ಗೊತ್ತಾ?" ಎಂದು ಬಾಗಿಲು ತೆರೆದು ಒಳಗೆ ಹೋದ.

ಬಿಲ್ಯಾನಾ ಮೇಲೆ ಬಂದಾಗ ಅಮ್ಮ ಒಲೆಯಿಂದ ಚೀಸ್ ತುಂಬಿದ ಬಾನಿತ್ಸಾ ತೆಗೆದಿದ್ದಳು. ಎಲ್ಲರೂ ಮೇಜಿನ ಸುತ್ತ ಕೂತಿದ್ದರು.

"ಪಾಪ ಸ್ಟಾಮೆನ್ ತಾತ," ಎನ್ನುತ್ತಿದ್ದ ಅಪ್ಪ. "ತಲೆ ಪೂರ್ತಿ ಹೋಗಿದೆ."

"ಅವನು ಏನು ಹಾರಿಸಿದ್ನೋ ಏನೋ," ಎಂದು ಲ್ಯೂಬೆನ್ ಮಾಮ ನಕ್ಕ. "ಬಹುಶಃ ಸೈನ್ಯದ ಅಡುಗೆಮನೇಲಿ ಇದ್ದ ಅನ್ಸುತ್ತೆ."

ಬಿಲ್ಯಾನಾಳ ಮುಖ ಕೆಂಪಾಯಿತು. ಗಾಂಚೊ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ನೆವೇನಾ ಸರಿದು ಅವಳಿಗೆ ಜಾಗ ಮಾಡಿದಳು. ಅಪ್ಪನ ಕೈ ಲ್ಯೂಬೆನ್ ಮಾಮನ ಹೆಗಲ ಮೇಲಿತ್ತು.

ಬಿಲ್ಯಾನಾ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಂದು ತಟ್ಟೆ ತೆಗೆದುಕೊಂಡು, ಬಾನಿತ್ಸಾದ ಅಂಚಿನಲ್ಲಿ ಎಲ್ಲಕ್ಕಿಂತ ಗರಿಗರಿಯಾದ ತುಂಡನ್ನು ಆರಿಸಿ ಹಾಕಿಕೊಂಡಳು.

"ಅದು ನನಗೆ ಕಣೇ!" ಎಂದ ಅಪ್ಪ.

"ಅಲ್ಲ," ಎಂದು ಅವಳು ತಟ್ಟೆ ಹಿಡಿದು ಮೆಟ್ಟಿಲಿಳಿದಳು.