ಕಪ್ಪು ಸಾರು ಬಡಿಸಿದ ಭಾನುವಾರ

"ಈ ರಾಗ ನನಗೆ ಬೇಡ!"

ವಾರ್ಸಾದ ಸಿನಿಮಾ ಸ್ಟುಡಿಯೋದಲ್ಲಿ ವಾದ್ಯಗಳೆಲ್ಲ ನಿಂತುಹೋದವು. ಹೊಸ ನಾಯಕಿ ಬ್ರೋಂಕಾ ಸೊಂಟದ ಮೇಲೆ ಕೈಯಿಟ್ಟು ಸಂಗೀತ ನಿರ್ದೇಶಕ ಝೆನೋನನ ಎದುರು ನಿಂತಿದ್ದಳು. ಅಬ್ಬಾ, ಹುಡುಗಿಯ ಎದೆಗಾರಿಕೆಯೇ!

"ನೋಡೋಕೆ ಬಂದ ಗಂಡುಗಳಿಗೆಲ್ಲ ಕಪ್ಪು ಸಾರು ಬಡಿಸಿ ಓಡಿಸೋ ಹುಡುಗಿಯ ಪಾತ್ರ ನಂದು. ನೀವು ನೋಡಿದ್ರೆ ಅಳುಮುಂಜಿ ರಾಗ ಹಾಕಿದ್ದೀರಿ!"

ಅಲ್ಲಿನ ಹಳೇ ಪದ್ಧತಿಯಲ್ಲಿ, ಬಾತುಕೋಳಿ ರಕ್ತದ ಆ ಸಾರನ್ನು ಹೆಣ್ಣು ಕೇಳಲು ಬಂದವನ ಮುಂದಿಟ್ಟರೆ ಮುಗಿಯಿತು. ಬಾಯಿಬಿಟ್ಟು ಇಲ್ಲ ಎನ್ನುವ ಕಷ್ಟವೇ ಬೇಡ.

ಝೆನೋನ್ ಸಿಟ್ಟಾಗಲಿಲ್ಲ. "ನೀವು ಹೇಳಿದ್ದೇ ಸರಿ," ಎಂದವನೇ ಪಿಯಾನೋ ಮುಂದೆ ಕೂತು, ಕಾಲು ತಾನಾಗಿ ಕುಣಿಯುವಂಥ ಹೊಸ ರಾಗ ಕಟ್ಟಿದ. ತನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟ ಗಂಡಸನ್ನು ಬ್ರೋಂಕಾ ಅದೇ ಮೊದಲು ಕಂಡದ್ದು.

'ಅಯ್ಯೋ... ನನಗೇನಾಗ್ತಿದೆ?'

ಚಿತ್ರ ಮುಗಿಯುತ್ತ ಬಂದಾಗ ಅವನೇ ಮೆಲ್ಲಗೆ ಕೇಳಿದ. "ಭಾನುವಾರ ನಿಮ್ಮ ಅಮ್ಮನ ಹತ್ತಿರ ಮಾತಾಡೋಕೆ ಬರಲಾ?"

"ಊಟಕ್ಕೇ ಬನ್ನಿ!" ಎಂದು ಓಡಿಹೋದಳು ಆ ಗಟ್ಟಿಗಿತ್ತಿ, ಕೆನ್ನೆ ಕೆಂಪಾಗಿಸಿಕೊಂಡು.

ಭಾನುವಾರ ಅವನಿಗೆಂದು ಕೇಕು ತರಲು ಚರ್ಚಿನಿಂದ ನೇರ ಅಂಗಡಿಗೆ ಹೋದಳು. ಅಲ್ಲಿ ಊರಿಗೆ ಊರೇ ಸೇರಿತ್ತು. ತಡವಾಗಿ ಅವಳು ಮನೆ ಮುಟ್ಟುವಷ್ಟರಲ್ಲಿ ಅವನು ಬಂದು ಹೋಗಿಯಾಗಿತ್ತು, ಕುರ್ಚಿ ಖಾಲಿ. ತಟ್ಟೆಯಲ್ಲಿ ಕಪ್ಪು ಸಾರು!

"ಅಮ್ಮಾ! ಅವರಿಗೆ ಇದನ್ನ ಬಡಿಸಿದ್ಯಾ?"

"ಬಡಿಸಿದೆ. ನೀನೊಬ್ಬಳು ಕುಣಿಯೋದು ಸಾಲದು ಅಂತ ಅಳಿಯನೂ ಸಿನಿಮಾದವನೇ ಆಗ್ಬೇಕಾ? ಸಾರು ನೋಡಿದವನೇ ಎದ್ದು ಹೋದ."

ಬ್ರೋಂಕಾ ಕೇಕಿನ ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ ಕೋಣೆಗೆ ಓಡಿದಳು. ಆ ರಾತ್ರಿಯೆಲ್ಲ ಅತ್ತಳು.

ಸೋಮವಾರ ಅವಳು ಸ್ಟುಡಿಯೋಗೆ ಬಂದಾಗ ಝೆನೋನ್ ವಾದ್ಯದವರಿಗೆ ಕೊನೆಯ ಹಾಡು ಹೇಳಿಕೊಡುತ್ತಿದ್ದ. ಅದು ಮುಗಿದರೆ ದೂರದ ಲ್ವೂಫ್ ಊರಿಗೆ ಹೊರಟುಬಿಡುತ್ತಾನಂತೆ, ಮತ್ತೆ ಬರುವುದಿಲ್ಲವಂತೆ!

"ನಿಲ್ಲಿಸಿ! ನನ್ನನ್ನ ಒಂದು ಮಾತೂ ಕೇಳದೆ ಹೊರಟುಬಿಟ್ರಾ?"

"ಉತ್ತರ ಬಡಿಸಿ ಆಯ್ತಲ್ಲ..." ಅವನು ಹಾಡಿನ ಹಾಳೆಗಳನ್ನು ಜೋಡಿಸತೊಡಗಿದ. "ಚಿತ್ರದಲ್ಲಿ ನಗ್ತಾ ನಗ್ತಾ ಎಲ್ಲರಿಗೂ ಬಡಿಸ್ತೀರಿ. ನನಗೂ ನೀವೇ ಹೇಳಿ ಮಾಡಿಸಿದ್ರಿ ಅಂದ್ಕೊಂಡೆ."

"ಅದು ಅಮ್ಮನ ಉತ್ತರ ರೀ! ನಂದು ಇಲ್ಲಿದೆ, ಕೇಳಿ. ನನಗೆ ನೀವು ಬೇಕು. ನನ್ನ ಮದುವೆ ಆಗ್ತೀರಾ?"

"ಬ್ರೋಂಕಾ... ಎಲ್ಲರೂ ಕೇಳಿಸಿಕೊಳ್ತಿದ್ದಾರೆ."

"ಕೇಳಿಸಿಕೊಳ್ಳಲಿ!"

"ಅಮ್ಮ ಒಪ್ಪದಿದ್ರೆ?"

"ಅವಳನ್ನ ಒಪ್ಪಿಸೋದು ನನ್ನ ಹೊಣೆ. ನೀವು ಹೂಂ ಅಂದ್ರೆ ಸಾಕು."

ಅವನ ಕಣ್ಣು ತುಂಬಿ ಬಂತು. "ಹೂಂ..."

"ಜೋರಾಗಿ! ಹಿಂದೆ ಕೂತವರಿಗೆ ಕೇಳಿಸಲಿಲ್ಲ."

"ಹೂಂ ಅಂದೆ ಕಣೇ, ನನ್ನ ಹಟಮಾರಿ!"